ಬಿಳಿ ಗುಲಾಬಿಗೆ ಮೊದಲ ಬಹುಮಾನ

ಭಾನುವಾರ, ಸಂಜೆ

ಪ್ರೀತಿಯ ಅಮ್ಮ,

ನಾನು ಚೆನ್ನಾಗಿದ್ದೇನೆ. ಅಕ್ಷರ ಕಾಗೆಕಾಲು ಗುಬ್ಬಿಕಾಲು ಆಗಿದ್ದರೆ ಬೈಯಬೇಡ.

ಇಲ್ಲಿಯ ಗುಲಾಬಿ ಸಂಘಕ್ಕೆ ಸೇರಿದ್ದನ್ನು ನಿನಗೆ ಹೇಳಿರಲಿಲ್ಲ. ಎರಡು ವರ್ಷ ಯಾರಿಗೂ ಮುಖ ತೋರಿಸದೆ ಟೈಲರ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಕಾಜಾ ಹೊಲಿಯುತ್ತಿದ್ದವಳನ್ನು ಎಳೆದುಕೊಂಡು ಹೋದವರು ಪಕ್ಕದ ಮನೆಯ ನಿವೃತ್ತ ನರ್ಸ್. ಅವರೇ ಸಂಘದ ಅಧ್ಯಕ್ಷೆ. ಎಲ್ಲರ ಬಾಯಲ್ಲಿ ಸೂಜಿ ಅಕ್ಕ. ಕಸಿ ಕಟ್ಟುವುದನ್ನೂ ಅವರೇ ಕಲಿಸಿದರು. ಹೋದ ತಿಂಗಳ ಪ್ರದರ್ಶನದಲ್ಲಿ ನನ್ನ ಬಿಳಿ ಗುಲಾಬಿಗೆ ಮೊದಲ ಬಹುಮಾನ ಬಂತು. ಖುಷಿಯಲ್ಲಿ ಮೈಮರೆತಿದ್ದೆ, ಫೋಟೊ ತೆಗೆದದ್ದೇ ಗೊತ್ತಾಗಲಿಲ್ಲ. ಮರುದಿನ ಪತ್ರಿಕೆಯಲ್ಲಿ ಹೂವಿನ ಪಕ್ಕ ನನ್ನ ಮುಖ.

ಅಂದಿನಿಂದ ಮೆಟ್ಟಿಲ ಮೇಲೆ ಯಾರ ಹೆಜ್ಜೆ ಸಪ್ಪಳವಾದರೂ ದೀಪ ಆರಿಸಿಬಿಡುತ್ತಿದ್ದೆ. ಬುಧವಾರ ಸೂಜಿ ಅಕ್ಕ ಬಂದು, ಯಾರೋ ಗಂಡಸು ಫೋನ್ ಮಾಡಿ ಬಿಳಿ ಗುಲಾಬಿಯವಳ ಮನೆ ಎಲ್ಲಿ ಎಂದು ಕೇಳಿದನೆಂದರು. ಅವರು ವಿಳಾಸ ಕೊಡದೆ, ಭಾನುವಾರ ಸಂಘದ ತೋಟಕ್ಕೇ ಬನ್ನಿ ಎಂದಿದ್ದರಂತೆ. ಬಟ್ಟೆ ಗಂಟು ಕಟ್ಟುತ್ತಲೇ ಎಲ್ಲ ಹೇಳಿಬಿಟ್ಟೆ, ನನ್ನ ಕೈ ಮುರಿದದ್ದು ಹೇಗೆ ಎಂಬುದನ್ನೂ. ಜಾರಿ ಬಿದ್ದೆ ಎಂದು ನಿನಗೆ ಬರೆದಿದ್ದೆನಲ್ಲ, ಅದು ಸುಳ್ಳು ಅಮ್ಮ.

"ಇನ್ನೆಷ್ಟು ಊರು ಓಡ್ತೀಯ? ಇಲ್ಲೇ ಇರು, ನಾವಿದ್ದೀವಿ," ಅಂದರು.

ಇವತ್ತು ಬೆಳಿಗ್ಗೆ ಗಿಡ ಸವರುವ ಕೆಲಸ. ಹನ್ನೆರಡು ಜನ, ಎಲ್ಲರ ಕೈಯಲ್ಲೂ ಕತ್ತರಿ. ಗೇಟು ಕಿರ್ರೆಂದಿತು. ನಿನ್ನ ಅಳಿಯ. ನಗುತ್ತಲೇ ಬಂದರು, ಆ ನಗುವಿನ ಹಿಂದೆ ಏನಿರುತ್ತದೆಂದು ನನಗೆ ಗೊತ್ತು.

"ಸಾಕು ಆಟ. ನಡಿ ಮನೆಗೆ," ಎಂದು ಕೈ ಚಾಚಿದರು.

ಕತ್ತರಿಗಳ ಸದ್ದು ನಿಂತಿತು. ಹಲ್ಲಿನ ಡಾಕ್ಟರು, ಬೇಕರಿಯ ತಾತ, ಗಣಿತದ ಟೀಚರ್, ಒಬ್ಬೊಬ್ಬರೇ ಬಂದು ನನ್ನ ಪಕ್ಕ ನಿಂತರು. ಸೂಜಿ ಅಕ್ಕ ಕುರ್ಚಿ ಎಳೆದು, "ಕೂತ್ಕೊಳ್ಳಿ, ಪೊಲೀಸ್ನೋರಿಗೆ ಫೋನ್ ಮಾಡಿದ್ದೀನಿ, ಬರ್ತಾರೆ," ಎಂದರು. ಎಲ್ಲರೂ ನನ್ನ ಮುಖ ನೋಡಿದರು. ನಾನು ಬರೋದಿಲ್ಲ ಎಂದೆ. ಮದುವೆಯಾದ ಮೇಲೆ ಅಷ್ಟು ಹೇಳಲು ನನಗೆ ಒಂಬತ್ತು ವರ್ಷ ಹಿಡಿಯಿತು.

ಅವರು ಕೂರಲಿಲ್ಲ, ಹೊರಟುಹೋದರು. ನಾನು ದೂರು ಬರೆದುಕೊಟ್ಟು ಬಂದೆ. ಧೈರ್ಯ ಬಂದಿದೆ ಎಂದು ಹೇಳಲಾರೆ. ಈ ಪತ್ರ ಬರೆಯುವಷ್ಟರಲ್ಲೇ ಮೂರು ಸಲ ಎದ್ದು ಚಿಲಕ ನೋಡಿದ್ದೇನೆ.

ನಿನ್ನ ಆರೋಗ್ಯ ನೋಡಿಕೋ.

ನಿನ್ನ ಮಗಳು

ಇದು ಮರೆತು ಉಳಿದ ಮಾತಲ್ಲ, ಬರೆಯಲೋ ಬೇಡವೋ ಎಂದು ಬಿಟ್ಟಿದ್ದ ಮಾತು: ಪತ್ರಿಕೆ ಕೊಟ್ಟು ಕಳಿಸಿದ್ದು ನೀನೇ ಎಂದು ಗೇಟಿನ ಹತ್ತಿರ ಅವರು ಹೇಳಿದರು. ಮನೆಯ ವಿಳಾಸ ಮಾತ್ರ ನೀನು ಬಾಯಿಬಿಡಲಿಲ್ಲವಂತೆ. ಯಾರಾದರೂ ಎದುರಿಗೆ ಅತ್ತರೆ ನಿನಗೆ ತಡೆಯಲಾಗುವುದಿಲ್ಲ, ಗೊತ್ತು. ಕೋಪವಿಲ್ಲ ಅಮ್ಮ. ಆದರೆ ನಾಳೆ ಮನೆ ಬದಲಾಯಿಸುತ್ತಿದ್ದೇನೆ. ಹೊಸ ವಿಳಾಸ ನಿನಗೆ ತಿಳಿಸುವುದಿಲ್ಲ.