ದಿನಕ್ಕೊಂದು ಸಾಲು

ಆಗಸ್ಟ್ 21, 2023, ಸೋಮವಾರ. ಬೆಳಗ್ಗೆ 6:40
ಕಾಫಿ. ಮಗಳ ಸಮ್ಮರ್ ಕ್ಯಾಂಪಿಗೆ ಲಂಚ್‌ಬಾಕ್ಸ್. ಅಡುಗೆಮನೆಯ ಟ್ಯಾಬ್ಲೆಟ್‌ನಲ್ಲಿ ಬಸ್ ಟೈಮು, ಕಸದ ದಿನ ಎಲ್ಲ ಹಾಕಿಡುವ ನಮ್ಮ ಮನೆಯ ವೆಬ್ ಪೇಜ್ ರಿಫ್ರೆಶ್ ಮಾಡಿದೆ. ಇವತ್ತಿನ ಸಾಲು: "ಮೈಥಿಲಿ, ಟೈರಿಗೆ ಗಾಳಿ ನೋಡ್ಸು. 400 ಹೈವೇಲಿ ಕಾರು ನಿಂತುಹೋದ್ರೆ ನನ್ನ ಬೈಬೇಡ."
ನಗು ಬಂತು, ಆಮೇಲೆ ಅಳು. ನಮ್ಮವರು, ತ್ಯಾಗರಾಜ, ಹೋಗಿ ನಾಲ್ಕೂವರೆ ತಿಂಗಳು. ಕೀಮೋ ಕುರ್ಚಿಯಲ್ಲಿ ಕೂತೇ ಈ ಪೇಜ್‌ನೊಳಗೆ ಕೋಡ್ ಬರೆದಿಟ್ಟರು — ದಿನಕ್ಕೊಂದು ಸಾಲು, ಆಯಾ ದಿನವೇ ಕಾಣುವ ಹಾಗೆ. "ವರ್ಷಕ್ಕಾಗೋಷ್ಟಿದೆ ಕಣೇ. ಕೋಡ್ ಓಪನ್ ಮಾಡಿದ್ರೆ ಎಲ್ಲಾ ಒಂದೇ ಸಲ ಕಾಣತ್ತೆ, ನೋಡ್ಕೋ."
ಮಾಡಿಲ್ಲ. ಮಾಡುವುದೂ ಇಲ್ಲ.

ಸೆಪ್ಟೆಂಬರ್ 7, ಗುರುವಾರ. ಸಂಜೆ 5:30
ಅಯ್ಯೋ, ಎಂಥ ಕೆಲಸ ಮಾಡಿಬಿಟ್ಟೆ.
ಸ್ಕೂಲ್ ಬಸ್ಸಿನ ಟೈಮ್ ಬದಲಾಗಿದೆ, ಪೇಜ್‌ನಲ್ಲಿ ತಿದ್ದಬೇಕಿತ್ತು. "ವಿಷುಯಲ್ ಎಡಿಟರ್‌ಗೆ ಹೋಗ್ಬೇಡ, ಅದಕ್ಕೆ ಅರ್ಥ ಆಗದ ಕೋಡನ್ನೆಲ್ಲ ಕಿತ್ತು ಹಾಕತ್ತೆ" ಅಂತ ಎಷ್ಟು ಸಲ ಹೇಳಿದ್ದರು! ಆದರೆ ಕೋಡ್ ತೆರೆದರೆ ಮುಂದಿನ ಸಾಲುಗಳು ಕಣ್ಣಿಗೆ ಬೀಳುತ್ತವಲ್ಲ... ಅದಕ್ಕೇ, ಕೋಡ್ ಕಾಣಿಸದೆ ತಿದ್ದಬಹುದು ಅಂತ ಲ್ಯಾಪ್‌ಟಾಪ್‌ನಲ್ಲಿ ವಿಷುಯಲ್‌ಗೇ ಹೋದೆ. 7:10 ಅಳಿಸಿ 6:55 ಮಾಡಿ ಸೇವ್ ಒತ್ತಿದೆ.
ಬಸ್ ಟೈಮ್ ಸರಿಯಾಯಿತು. ಸಾಲಿನ ಜಾಗ ಖಾಲಿ. ಅನ್‌ಡೂ ಆಗಲಿಲ್ಲ. ಬ್ಯಾಕಪ್ ಇಲ್ಲ. ನೆಲದ ಮೇಲೆ ಕೂತು ಅತ್ತೆ.

ಅದೇ ರಾತ್ರಿ, 9:30
ಅಪೂರ್ವಾ ಟೆನಿಸ್ ಮುಗಿಸಿ ಬಂದಳು. ಟ್ಯಾಬ್ಲೆಟ್ ನೋಡಿ ಕಿರುಚಿದಳು — "ಅಮ್ಮಾ, ಡೋಂಟ್ ಟಚ್ ಇಟ್! ಇದು ಮಾರ್ನಿಂಗ್ ಪೇಜ್!"
ಹೌದು. ಬೆಳಗ್ಗೆ ತೆರೆದದ್ದು ರಿಫ್ರೆಶ್ ಆಗದೆ ಹಾಗೇ ಇತ್ತು, ಹಳೆಯ ಕೋಡ್ ಸಮೇತ. ಹದಿನಾಲ್ಕರ ಹುಡುಗಿ, ಕೇಬಲ್ ಹಾಕಿ ಅಷ್ಟನ್ನೂ ಲ್ಯಾಪ್‌ಟಾಪ್‌ಗೆ ಇಳಿಸಿ, ಪೇಜ್‌ಗೆ ಮತ್ತೆ ಅಂಟಿಸಿದಳು. ನಾನು ಗೋಡೆ ಕಡೆ ತಿರುಗಿ ನಿಂತಿದ್ದೆ.
"ಓದಿದ್ಯೇನೇ?"
"ನೋ... ಜಸ್ಟ್ ಕಾಪಿ ಮಾಡಿದೆ."
ಊಟಕ್ಕೆ ಬರಲಿಲ್ಲ. ರೂಮಿನ ಬಾಗಿಲು ಹಾಕಿಕೊಂಡಳು.

ಅಕ್ಟೋಬರ್ 3
ಅಪೂರ್ವಾ ಈಗ ನನಗಿಂತ ಮೊದಲೇ ಏಳುತ್ತಾಳೆ. ಸಾಲು ಓದುವಾಗ ಪಕ್ಕದಲ್ಲೇ ನಿಲ್ಲುತ್ತಾಳೆ. ಯಾಕೆ ಎಂದರೆ "ನಥಿಂಗ್".

ನವೆಂಬರ್ 12, ದೀಪಾವಳಿ
"ಎಣ್ಣೆ ಹಚ್ಕೋ. ನನ್ನ ಬೆನ್ನುಜ್ಜೋ ಕಾಟ ತಪ್ಪಿತು ನೋಡು."
ಎಣ್ಣೆ ಬಿಸಿ ಮಾಡಿದೆ. ಈಗ ಇಬ್ಬರಿಗಾದರೆ ಸಾಕು, ಮೂವರ ಅಂದಾಜಿನಲ್ಲಿ ಜಾಸ್ತಿ ಆಯಿತು.

ನವೆಂಬರ್ 15, ಬುಧವಾರ. 6:40
"ನಾಳೆ ಕಸದ ಗಾಡಿ ಬರತ್ತೆ. ಬಿನ್"
ಅಷ್ಟೇ. ರಿಫ್ರೆಶ್ ಮಾಡಿದೆ. ಅಷ್ಟೇ.
ಅಪೂರ್ವಾ ಹಿಂದಿನಿಂದ ತಬ್ಬಿಕೊಂಡಳು. "ಅಮ್ಮಾ, ಇದೇ ಲಾಸ್ಟ್. ಅವತ್ತು ಕಾಪಿ ಮಾಡುವಾಗ್ಲೇ ನೋಡ್ದೆ. ಅಪ್ಪ ಫಿನಿಶ್ ಮಾಡ್ಲಿಲ್ಲ... ಸಾರಿ ಅಮ್ಮಾ."
ವರ್ಷಕ್ಕಾಗುವಷ್ಟಿದೆ ಅಂದಿದ್ದರು. ಸುಳ್ಳುಗಾರ! ಕೈ ಸೋತುಹೋಯಿತು ಅಂತ ಒಂದು ಮಾತು ಹೇಳಬಾರದಿತ್ತೇ? ಪಾಪ, ಈ ಮಗು ಎರಡು ತಿಂಗಳಿಂದ ಒಬ್ಬಳೇ ಇದನ್ನು ನುಂಗಿಕೊಂಡಿದ್ದಾಳೆ.
"ನಾಳೆದು ನಾನು ಬರೀಲಾ?"
"ಬೇಡ ಕಂದಾ."

ನವೆಂಬರ್ 16. 6:40
ಬಿನ್ ಹೊರಗಿಟ್ಟು ಬಂದೆ. ಕಾಫಿ ಆಯಿತು. ಅಪೂರ್ವಾ ಟ್ಯಾಬ್ಲೆಟ್ ಮುಂದೆ ನಿಂತು ಕರೆಯುತ್ತಿದ್ದಾಳೆ. ರಿಫ್ರೆಶ್ ಮಾಡದಿದ್ದರೆ ನಿನ್ನೆಯ ಸಾಲೇ ಇರುತ್ತದೆ. ಹಾಗೇ ಇರಲಿ ಅಂತ