ಗವಳಿಯ ಎಮ್ಮೆ ತಿಂದ ಕೇಕು

ಖಡಕಿ, ಪುಣೆ
೨೨ ಡಿಸೆಂಬರ್ ೨೦೨೪

ಮಗಳೇ ನೀಲಿಮಾ,

ನಿನಗೂ ಅಳಿಯಂದಿರಿಗೂ ನಿನ್ನವ್ವನ ಆಶೀರ್ವಾದ. ಇಂದಾಪುರದ ಎಸ್.ಟಿ. ಬಸ್ಸಿನಲ್ಲಿ ಒಂದು ಡಬ್ಬಿ ಕಳಿಸುತ್ತಿದ್ದೇನೆ, ಕೇಕು ಇದೆ. ಮೊದಲು ಕಾಗದ ಓದು, ಆಮೇಲೆ ಡಬ್ಬಿ ತೆಗೆ. ಫೋನಿನಲ್ಲಿ ಹೇಳಬಹುದಿತ್ತು, ಆದರೆ ನೀನು ನಡುವೆ ಬಾಯಿ ಹಾಕುತ್ತೀ.

ಕೇಕು ಪಕ್ಕದ ಮನೆಯ ಫಿಲೂದು. ಮೂವತ್ತು ವರ್ಷದಿಂದ ಕ್ರಿಸ್‌ಮಸ್ಸಿಗೆ ಅವಳು ತಾಟು ಕಳಿಸುವುದು, ತತ್ತಿ, ರಮ್ಮು ಹಾಕಿದ್ದು ನಮಗೆ ನಡೆಯುವುದಿಲ್ಲ ಅಂತ ನಾನು ಅದನ್ನು ಹಾಲು ಕೊಡುವ ಗವಳಿಯ ಎಮ್ಮೆಗೆ ಹಾಕುವುದು, ಎಲ್ಲ ನಿನಗೆ ಗೊತ್ತು. ಎಂಟು ವರ್ಷದವಳಿದ್ದಾಗ ನೀನು ಅವರ ಮನೆಯಲ್ಲಿ ಒಂದು ತುಂಡು ತಿಂದು ಬಂದಿದ್ದಿ. ನಾನು ಕಿವಿ ಹಿಂಡಿ, ನಲ್ಲಿಯ ಕೆಳಗೆ ನಿಲ್ಲಿಸಿ ಬಾಯಿ ತೊಳೆಸಿದ್ದೆ. ಇವತ್ತಿಗೂ ಅದನ್ನು ಎತ್ತಿ ಆಡುತ್ತೀ. ಆಡು.

ಈ ವರ್ಷ ಫಿಲೂ ಕೇಕು ಮಾಡುವುದೇ ಇಲ್ಲ ಅಂದಳು. ಮಳೆಗಾಲದ ಜ್ವರದಲ್ಲಿ ಅವಳ ಮೂಗು ಹೋಗಿದೆ, ಯಾವ ವಾಸನೆಯೂ ಹತ್ತುವುದಿಲ್ಲ. ಕೇಕಿನ ಮಸಾಲೆಯನ್ನು ಅವಳು ಎಂದೂ ಅಳೆದು ಹಾಕಿದವಳಲ್ಲ, ಮೂಸಿಯೇ ಹದ ಹಿಡಿಯುವವಳು. ಅವಳ ಅತ್ತೆಯೂ ಹಾಗೇ ಕಲಿಸಿದ್ದು. ಅಕ್ಟೋಬರಿನಲ್ಲೇ ರಮ್ಮಿನಲ್ಲಿ ನೆನೆಹಾಕಿದ ಒಣದ್ರಾಕ್ಷಿ, ಒಣಖರ್ಜೂರದ ಭರಣಿ ಮೂಲೆಯಲ್ಲಿ ಕೂತಿತ್ತು, ಪಕ್ಕದಲ್ಲಿ ಇವಳೂ ಮುಖ ಸಣ್ಣ ಮಾಡಿಕೊಂಡು ಕೂತಿದ್ದಳು. ನನಗೆ ಸಿಟ್ಟು ಬಂತು. ಏಳ ಬೇ ಫಿಲೂ, ಕೈ ನಿನ್ನ ಹತ್ರ ಅದ, ಮೂಗು ನನ್ನ ಹತ್ರ ಅದ, ಅಂದೆ. ಬೆಳಗಾವಿ ಕಡೆಯವಳಲ್ಲವೇ, ಇಂಥ ಮಾತು ಅವಳಿಗೆ ಬೇಗ ನಾಟುತ್ತದೆ.

ದಾಲ್ಚಿನ್ನಿ, ಲವಂಗ, ಏಲಕ್ಕಿ, ಜಾಜಿಕಾಯಿ, ಒಣಶುಂಠಿ ತಂದೆ. ನಮ್ಮ ಮಸಾಲೆ ಖಾರಕ್ಕೆ ಹುರಿದ ಹಾಗೆ ಹಂಚಿಗೆ ಹಾಕಿ ಘಮಘಮ ಹುರಿದೆ. ಮನೆಯೆಲ್ಲ ಮಸಾಲೆ ಭಾತಿನ ವಾಸನೆ. ಫಿಲೂಗೆ ವಾಸನೆ ಹತ್ತದಿದ್ದರೂ ಹೊಗೆ ಕಂಡಿತು. ಅಯ್ಯ ಬಸವ್ವಾ, ಕೇಕಿನ ಮಸಾಲಿ ಯಾರರ ಹುರೀತಾರೇನ? ಬಿಸಲಿಗೆ ಇಟ್ಟು ಕುಟ್ಟಬೇಕ! ನಿನ್ನ ಕೈಯಾಗ ಬಿಟ್ರ ಕೇಕಿಗೂ ಒಗ್ಗರಣಿ ಕೊಡ್ತಿ, ಅಂತ ಹಣೆ ಬಡಿದುಕೊಂಡಳು.

ಮತ್ತೆ ಎಲ್ಲ ತಂದು, ಬಿಸಿಲಿಗಿಟ್ಟು, ಕುಟ್ಟಿದೆ. ಚಿಟಿಕೆ ಚಿಟಿಕೆ ಬೆರೆಸುತ್ತ ಮೂಸಿದೆ. ಲವಂಗ ಜೋರಾಯಿತು, ದಾಲ್ಚಿನ್ನಿ ಏರಿಸಿದೆ. ಆದರೂ ಏನೋ ಕಡಿಮೆ. ಜಾಜಿಕಾಯಿ ಇನ್ನಷ್ಟು ತುರಿದೆ. ಬಂತು ನೋಡು! ಇದೇ, ಅಂದೆ. ಫಿಲೂ ನನ್ನ ಮುಖವನ್ನೇ ನೋಡಿದಳು. ಒಂದ ದಿನಾ ತಿಂದಾಕಿ ಅಲ್ಲ, ಇದೇ ಅಂತ ಹೆಂಗ ಗೊತ್ತಾತ ನಿನಗ, ಅಂತ ಕೇಳಿದಳು. ಗ್ವಾಡಿ ದಾಟಿ ವಾಸನಿ ಬರ್ತದ, ಸುಮ್ಮನ ಹಿಟ್ಟು ಕಲಸು, ಅಂತ ಗದರಿದೆ. ಅವಳು ನಕ್ಕಳು, ಮತ್ತೆ ಕೇಳಲಿಲ್ಲ.

ನಿನ್ನೆ ಬೇಕರಿಯ ಭಟ್ಟಿಗೆ ಒಯ್ದು ಬೇಯಿಸಿಕೊಂಡು ಬಂದೆವು. ಅವಳ ಗಂಡ ಒಂದು ತುಂಡು ಬಾಯಿಗೆ ಹಾಕಿದವರು, ಅದನ್ನು ನುಂಗುವ ಮೊದಲೇ ಎರಡನೆಯದಕ್ಕೆ ಕೈ ಚಾಚಿದರು. ಅಷ್ಟು ನೋಡಿ ಫಿಲೂ ಕಣ್ಣು, ಮೂಗು ಎರಡನ್ನೂ ಸೆರಗಿನಲ್ಲಿ ಒರೆಸಿಕೊಂಡಳು. ಕೆಲಸಕ್ಕೆ ಬಾರದ ಮೂಗು ಒರೆಸಲಿಕ್ಕಾದರೂ ಬಂತಲ್ಲ, ಅಂದೆ.

ಮಸಾಲೆಯ ಅಳತೆಯನ್ನು ಚಮಚೆಯ ಲೆಕ್ಕದಲ್ಲಿ ಬರೆದು ಅವಳ ಕಪಾಟಿನ ಒಳಬಾಗಿಲಿಗೆ ಅಂಟಿಸಿದ್ದೇನೆ. ಇನ್ನು ಯಾರ ಮೂಗು ಹೋದರೂ ಕೇಕು ನಿಲ್ಲುವುದಿಲ್ಲ. ನನಗೂ ಹಾಯೆನಿಸಿದೆ.

ನಿನ್ನವ್ವ,
ಚನ್ನಬಸವ್ವ

ತಾ.ಕ.: ಗೋಡೆ ದಾಟಿ ಜಾಜಿಕಾಯಿಯ ವಾಸನೆ ಬರುವುದಿಲ್ಲ. ನಿನ್ನ ಬಾಯಿ ತೊಳೆಸಿದ ದಿನವೂ ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತು ತಿಂದು, ಬಾಯಿ ಒರೆಸಿಕೊಂಡೇ ನಿನ್ನ ಕಿವಿ ಹಿಡಿದದ್ದು. ತಪ್ಪು ನಂದು. ಈ ಡಬ್ಬಿ ಪೂರ್ತಿ ನಿನ್ನದು, ಯಾರಿಗೂ ಅಂಜದೆ ತಿನ್ನು. ನಿಮ್ಮಪ್ಪನಿಗೆ ಮಾತ್ರ ಹೇಳಬೇಡ. ಮೂವತ್ತು ವರ್ಷದಲ್ಲಿ ಆ ಎಮ್ಮೆಗೆ ಒಂದು ಚೂರೂ ಸಿಕ್ಕಿಲ್ಲ.