ಅಪ್ಪನ ಹೆಸರಿನ ಹಸು

ಜೂನ್ 10, 2001. ಭಾನುವಾರ

ಬೆಳಿಗ್ಗೆ ಎದ್ದವಳೇ ಕೊಟ್ಟಿಗೆ ಗುಡಿಸಿದೆ. ಗುಡಿಸಲು ಏನಿತ್ತು? ನಮ್ಮ ಹಸು ಕೆಂದಿ ನಿನ್ನೆಯೇ ಹೋದಳಲ್ಲ… ಅಭ್ಯಾಸ.

ಅಪ್ಪ ಹೋಗಿ ವರ್ಷವಾಯಿತು. ಊರಿಗೆಲ್ಲ ಊಟ ಹಾಕೋಣವೆಂದ ತಮ್ಮ ಗೌರೀಶ. ನಾನೇ ಹಟ ಹಿಡಿದೆ — ಅಪ್ಪ ಸಾಕಿದ ಹಸುವನ್ನು ಹಂಪಾಪುರದ ಹಾಸ್ಟೆಲ್ಲಿಗೆ ಕೊಡೋಣ. ತಂದೆತಾಯಿ ಇಲ್ಲದ ಮಕ್ಕಳು ದಿನಾ ಅಪ್ಪನ ಹೆಸರಲ್ಲಿ ಹಾಲು ಕುಡಿಯಲಿ. ಅವ್ವ ಹೂಂ ಅಂದಳು, ಅಷ್ಟೇ.

ಜೂನ್ 12

ಹಾಸ್ಟೆಲ್ಲಿನ ಅಡುಗೆ ವೀರಮ್ಮನ ಫೋನ್.

"ಪುಷ್ಪಕ್ಕ, ನಿಮ್ ಹಸ ಹತ್ರ ಓದ್ರೆ ಒದೀತದೆ ಕಣಕ್ಕ. ಒಂದ್ ತೊಟ್ಟೂ ಬುಡ್ತಿಲ್ಲ. ಮಕ್ಳು ಲೋಟ ಇಟ್ಕಂಡು ಕುಂತವೆ."

ಮಾನ ಹೋಯಿತು. ಅಪ್ಪನ ಹೆಸರಲ್ಲಿ ಮಕ್ಕಳಿಗೆ ಕೊಟ್ಟದ್ದು ಒದೆ!

ಜೂನ್ 13, ರಾತ್ರಿ

ನಾನೇ ಹೋದೆ. ಬೆಲ್ಲ ತಿನ್ನಿಸಿದೆ, ಕೊರಳಡಿಯ ಗಂಗೆದೊಗಲು ಸವರಿದೆ. ಒದೆ ತಿಂದು ನನ್ನ ಮೊಣಕಾಲು ಊದಿದೆ. ಬೇವರ್ಸಿ ಹಸು.

ಗೌರೀಶ: "ಬುಡಕ್ಕ, ವಾಪಸ್ ಇಡ್ಕಂಬರಾವ."

ಕೊಟ್ಟದ್ದನ್ನು ಕಿತ್ತುಕೊಂಡು ಬರುವುದಾ? ಚೆನ್ನಾಗಿ ಬೈದೆ. ಆಮೇಲೆ ಅವ್ವನನ್ನು ಕೇಳಿದೆ — ವರ್ಷದಿಂದ ನೀನೇ ಕರೆದೆಯಲ್ಲ, ನಿನಗೆ ಹೇಗೆ ಕೊಟ್ಟಳು?

ಅವ್ವ ಗೂಟದಿಂದ ಹಳೇ ಅಂಗಿ ತೆಗೆದಳು. "ನಿಮ್ಮಪ್ಪನ ಅಂಗಿ ಆಕ್ಕಂಡು ಕರೀತಿದ್ದೆ. ವಾಸ್ನೆ ನೋಡಿ ಸುಮ್ಕಿರದು."

ಸೀರೆ ಕೊಳೆಯಾಗದಿರಲಿ ಎಂದು ಹಾಕುತ್ತಾಳೆ ಅಂದುಕೊಂಡಿದ್ದೆ! ಒಗೆಯೇ ಅಂತ ಎಷ್ಟು ಸಲ ರೇಗಿದ್ದೇನೆ. ಅಪ್ಪನ ಬಟ್ಟೆಯೆಲ್ಲ ಆಗಲೇ ಹಂಚಿದ್ದೆವು. ಉಳಿದಿದ್ದು ಇದೊಂದೇ.

"ಮೊದಲೇ ಹೇಳಬಾರದಾ?"

"ಹಸ ಕೊಡವ್ವ ಅಂದ್ರಿ, ಕೊಟ್ಟೆ. ಅಂಗಿ ಕೇಳ್ನಿಲ್ವಲ್ಲ."

ನಾನು ಈಗಲೂ ಕೇಳಲಿಲ್ಲ. ಹೇಗೆ ಕೇಳಲಿ?

ಜೂನ್ 17. ಭಾನುವಾರ

ಮೂರು ದಿನ ಅವ್ವ ಸರಿಯಾಗಿ ಊಟ ಮಾಡಲಿಲ್ಲ. ಇವತ್ತು ತಾನೇ ಅಂಗಿಯನ್ನು ಪೇಪರಿನಲ್ಲಿ ಸುತ್ತಿಕೊಂಡು ಬಸ್ ಹತ್ತಿದಳು. ಹಿಂದೆಯೇ ನಾನು.

ವೀರಮ್ಮ ತೊಟ್ಟಳು. ಮೊಣಕಾಲವರೆಗೆ ಅಂಗಿ — ಮಕ್ಕಳಿಗೆಲ್ಲ ನಗು. ಕೆಂದಿ ತೋಳು ಮೂಸಿದಳು, ನಿಂತಳು. ಬಕೀಟು ತುಂಬಿತು. ಒಂದು ಪುಟಾಣಿಗೆ ಹಾಲಿನ ಮೀಸೆ. ಅವ್ವ ಸೆರಗಿನಿಂದ ಒರೆಸಿ ನಕ್ಕಳು.

ವಾಪಸ್ ಬರುವಾಗ ಬಸ್ಸಿನಲ್ಲಿ ನನ್ನ ಕೈ ಹಿಡಿದುಕೊಂಡೇ ಇದ್ದಳು. "ಮಕ್ಳು ಕುಡುದ್ವಲ್ಲ ಬುಡು." ಅವ್ವನ ಮೇಲೆ ಎಷ್ಟು ಪ್ರೀತಿ ಬಂತು ಅಂದರೆ, ಕಿಟಕಿ ಕಡೆ ತಿರುಗಿ ಅತ್ತೆ.

ಜೂನ್ 18. ಬೆಳಿಗ್ಗೆ ಆರು

ಅವ್ವ ಎಬ್ಬಿಸಿದಳು. ಮುಖ ಬಿಳಿಚಿಕೊಂಡಿದೆ.

"ಎದ್ದೇಳೇ ಪುಷ್ಪ! ಆ ಅಂಗಿ ಒಗೀಬ್ಯಾಡ ಅಂತ ವೀರಮ್ಮುಂಗೆ ಯೋಳ್ದೆ ಬಂದ್ಬುಟ್ಟೊ ಕಣೆ!"

ಅಯ್ಯೋ ಶಿವನೇ. ಸೋಮವಾರ, ಹಾಸ್ಟೆಲ್ಲಿನಲ್ಲಿ ಬಟ್ಟೆ ಒಗೆಯುವ ದಿನ. ಫೋನ್ ಎತ್ತುತ್ತಿಲ್ಲ. ಮೊದಲ ಬಸ್ ಆರೂವರೆಗೆ, ಅವ್ವ ಆಗಲೇ ಬೀದಿಗೆ ಇಳಿದಾಯಿತು, ನನ್ನ ಚಪ್ಪಲಿ —